ಅರಿವಳಿಕೆ ವೈದ್ಯರ ಮುಗಿಯದ ವ್ಯಾಸಂಗ

ಉಪ್ಪಳಕ್ಕೂ ಕುಂಬಳೆಗೂ ನಡುವೆ, ರಾಷ್ಟ್ರೀಯ ಹೆದ್ದಾರಿಯ ಎರಡು ಮಗ್ಗುಲಿಗೂ ಅಂಗಡಿಸಾಲು ಬೆಳೆಸಿಕೊಂಡು ನಿಂತಿರುವ ಬಂದ್ಯೋಡಿನಲ್ಲಿ ಯಾರಿಗಾದರೂ ದೊಡ್ಡದೊಂದು ಆಪರೇಶನ್ ಆಗಬೇಕೆಂದು ವೈದ್ಯರು ತಿಳಿಸಿದರೆಂದರೆ, ಮನೆಮಂದಿ ಅಂದೇ ವಿಚಾರಿಸತೊಡಗುವ ಸಂಗತಿಗಳನ್ನು ಬಹುಮಟ್ಟಿಗೆ ಊಹಿಸಿಬಿಡಬಹುದು: ಮಂಗಳೂರಿನ ಯಾವ ಆಸ್ಪತ್ರೆ, ಯಾವ ಸರ್ಜನರು, ಎಷ್ಟು ದಿನದ ವಾಸ, ಎಷ್ಟು ಹಣದ ಖರ್ಚು, ಕೇರಳದ ವಿಮೆಯ ಕಾರ್ಡು ತಲಪಾಡಿಯ ಗಡಿಯ ಆಚೆ ನಡೆಯುತ್ತದೆಯೋ ಇಲ್ಲವೋ. ಅರಿವಳಿಕೆ ಕೊಡುವ ಡಾಕ್ಟರು ಯಾರೆಂದು ಕೇಳುವವರು ವಿರಳ. ಆ ಡಾಕ್ಟರು ಪದವಿ ಪಡೆದು ಹೊರಬಂದ ಮೇಲೆ, ಈ ಹತ್ತಿಪ್ಪತ್ತು ವರ್ಷಗಳಲ್ಲಿ, ಹೊಸದಾಗಿ ಏನನ್ನು ಕಲಿತಿದ್ದಾರೆ, ಹಳೆಯದರಲ್ಲಿ ಏನನ್ನು ಬಿಟ್ಟಿದ್ದಾರೆ ಎಂದು ಕೇಳಿದವರನ್ನಂತೂ ನಾನು ಕಂಡಿಲ್ಲ. ರೋಗಿಯ ಪ್ರಾಣಕ್ಕೆ ಇಷ್ಟು ಸಮೀಪವಾದ ಪ್ರಶ್ನೆಯು ಇಷ್ಟು ನಿರ್ಲಕ್ಷಿತವಾಗಿರುವುದೇ ಈ ಲೇಖನಕ್ಕೆ ಕಾರಣ.

ಅರಿವಳಿಕೆಯೆಂದರೆ ಒಂದು ಇಂಜೆಕ್ಷನ್ ಕೊಟ್ಟು, ನಿದ್ರೆ ಬರಿಸಿ, ಹೊರಟುಹೋಗುವ ಕೆಲಸವೆಂಬ ಭಾವನೆ ಜನರಲ್ಲಿ ಬೇರೂರಿದೆ. ವಸ್ತುಸ್ಥಿತಿ ಹಾಗಿಲ್ಲ. ಶಸ್ತ್ರವು ಚರ್ಮವನ್ನು ಸೋಕುವುದಕ್ಕೆ ಬಹು ಮೊದಲೇ ಆರಂಭವಾಗಿ, ಗಾಯವನ್ನು ಹೊಲಿದಾದ ಮೇಲೆ ರೋಗಿ ಕಣ್ತೆರೆದು ತನ್ನ ಹೆಸರನ್ನು ಹೇಳುವ ತನಕವೂ, ಆತನ ಉಸಿರಾಟ, ಹೃದಯದ ಬಡಿತ, ರಕ್ತದೊತ್ತಡ, ಶರೀರದ ಉಷ್ಣ, ರಕ್ತದಲ್ಲಿರುವ ಆಮ್ಲಜನಕ, ನೋವು ಇವೆಲ್ಲದರ ಹೊಣೆಯನ್ನು ಹೊತ್ತು ಮೇಜಿನ ತಲೆದೆಸೆಯಲ್ಲಿ ನಿಂತಿರುವವರು ಅರಿವಳಿಕೆ ವೈದ್ಯರು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಗೆ ನೆರೆಯವರಾದ ಓದುಗರಿಗೆ ಇದನ್ನು ವಿವರಿಸುವುದು ಸುಲಭ: ಮುಂದೆ ಕುಣಿಯುವ ವೇಷದ ಮೇಲೆ ಎಲ್ಲರ ಕಣ್ಣಿದ್ದರೂ, ಆಟವನ್ನು ನಡೆಸುವವರು ಹಿಂದೆ ಕುಳಿತ ಭಾಗವತರು.

ಬಂದ್ಯೋಡಿನವರು ಉತ್ತರಕ್ಕೆ ಮುಖಮಾಡುವುದಕ್ಕೆ ಇತಿಹಾಸದ ಕಾರಣಗಳಿವೆ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವ ತನಕ ಈ ಸೀಮೆಯು ದಕ್ಷಿಣ ಕನ್ನಡ ಜಿಲ್ಲೆಯ ಅಂಗವಾಗಿದ್ದು, ಮಂಗಳೂರೇ ಅದಕ್ಕೆ ಜಿಲ್ಲಾ ಕೇಂದ್ರವಾಗಿತ್ತು. 1848ರಲ್ಲಿ ಸ್ಥಾಪಿತವಾದ ವೆನ್ಲಾಕ್ ಆಸ್ಪತ್ರೆ, ಡಾ. ಟಿ.ಎಂ.ಎ. ಪೈಗಳು 1953ರಲ್ಲಿ ಮಣಿಪಾಲದಲ್ಲಿ ತೆರೆದ ಕಸ್ತೂರ್ಬಾ ವೈದ್ಯಕೀಯ ಕಾಲೇಜು, ಅದರ ವಿದ್ಯಾರ್ಥಿಗಳು 1955ರಿಂದ ವೆನ್ಲಾಕಿನಲ್ಲಿಯೂ ಲೇಡಿ ಗೋಷನ್ ಆಸ್ಪತ್ರೆಯಲ್ಲಿಯೂ ರೋಗಿಗಳ ಮಗ್ಗುಲಲ್ಲಿ ನಿಂತು ಕಲಿಯುವ ಏರ್ಪಾಡು, ಬಳಿಕ ಕಂಕನಾಡಿ, ದೇರಳಕಟ್ಟೆಗಳಲ್ಲಿ ಎದ್ದ ಕಾಲೇಜುಗಳು, ಇವೆಲ್ಲವೂ ಕೂಡಿ ಮಂಗಳೂರನ್ನು ಗಡಿಯ ಈಚೆಯವರಿಗೂ ಆಸರೆಯನ್ನಾಗಿ ಮಾಡಿದವು. ಈ ಆಸರೆ ಎಷ್ಟು ಆಳವಾದುದೆಂಬುದು 2020ರ ಮಾರ್ಚ್ ಕೊನೆಯಲ್ಲಿ, ಕೊರೋನಾ ಭೀತಿಯಿಂದ ತಲಪಾಡಿಯ ಗಡಿ ಮುಚ್ಚಿ ಕಾಸರಗೋಡಿನ ರೋಗಿಗಳು ದಾರಿಯಲ್ಲೇ ಉಳಿದಾಗ ಎಲ್ಲರಿಗೂ ಗೋಚರವಾಯಿತು. ವಿವಾದವು ಸುಪ್ರೀಂ ಕೋರ್ಟಿನ ತನಕ ಹೋಯಿತು. 2013ರಲ್ಲಿ ಶಿಲಾನ್ಯಾಸಗೊಂಡಿದ್ದ ಕಾಸರಗೋಡಿನ ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿನ ಕಟ್ಟಡವು ಆ ಏಪ್ರಿಲಿನಲ್ಲಿ ಅವಸರ ಅವಸರವಾಗಿ ಕೋವಿಡ್ ಆಸ್ಪತ್ರೆಯಾಗಿ ಬಾಗಿಲು ತೆರೆಯಿತು.

ಹೀಗಾಗಿ ಬಂದ್ಯೋಡಿನ ರೋಗಿಯು ಒಂದು ದಿನ ಮಂಗಲ್ಪಾಡಿಯ ತಾಲೂಕು ಆಸ್ಪತ್ರೆಯಲ್ಲಿ ಕೇರಳದ ವೈದ್ಯರ ಕೈಯಲ್ಲಿಯೂ ಮತ್ತೊಂದು ದಿನ ಮಂಗಳೂರಿನಲ್ಲಿ ಕರ್ನಾಟಕದ ವೈದ್ಯರ ಕೈಯಲ್ಲಿಯೂ ಇರುತ್ತಾನೆ. ನೋಂದಣಿ ಯಾವ ರಾಜ್ಯದ್ದಾದರೂ ಕಲಿಕೆಯ ವಿಧಿ ಒಂದೇ: ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಹೊರಡಿಸಿದ ವೃತ್ತಿನೀತಿಯ ನಿಯಮಗಳಂತೆ, ಪ್ರತಿಯೊಬ್ಬ ವೈದ್ಯರೂ ಐದು ವರ್ಷಗಳಿಗೊಮ್ಮೆ ಕನಿಷ್ಠ 30 ತಾಸುಗಳ ಮುಂದುವರಿದ ವೈದ್ಯಶಿಕ್ಷಣವನ್ನು ಪಡೆಯತಕ್ಕದ್ದು. ಕರ್ನಾಟಕದ ವೈದ್ಯಕೀಯ ಪರಿಷತ್ತು ನೋಂದಣಿಯ ನವೀಕರಣಕ್ಕೆ ಈ ತಾಸುಗಳ ಲೆಕ್ಕವನ್ನು ಕೇಳುತ್ತದೆ. 2023ರ ಆಗಸ್ಟಿನಲ್ಲಿ, ಭಾರತೀಯ ಪರಿಷತ್ತಿನ ಸ್ಥಾನಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗವು ಇದನ್ನೆಲ್ಲ ಬಿಗಿಗೊಳಿಸುವ ಹೊಸ ನಿಯಮಾವಳಿಯನ್ನು ಪ್ರಕಟಿಸಿ, ಅದೇ ತಿಂಗಳಿನಲ್ಲಿಯೇ ಅದನ್ನು ತಡೆಹಿಡಿಯಿತು. ಐದು ವರ್ಷಕ್ಕೆ 30 ತಾಸು ಎಂದರೆ ತಿಂಗಳಿಗೆ ಅರ್ಧ ತಾಸು. ಅಷ್ಟರಿಂದ ಏನಾದೀತು ಎಂದು ಕೇಳುವುದು ಸಹಜ. ಆದರೆ ಆ ಅರ್ಧ ತಾಸಿನಲ್ಲಿ ಏನು ನಡೆಯುತ್ತದೆಂಬುದೇ ಹೆಚ್ಚು ಮುಖ್ಯವಾದ ವಿಷಯ.

1985ರ ಸುಮಾರಿಗೆ ಅರಿವಳಿಕೆಯಲ್ಲಿ ಸ್ನಾತಕೋತ್ತರ ಪದವಿ ಪಡೆದು ಕರಾವಳಿಯ ಯಾವುದೋ ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಂತು ಇತ್ತೀಚೆಗೆ ನಿವೃತ್ತರಾದ ವೈದ್ಯರೊಬ್ಬರನ್ನು ಕಲ್ಪಿಸಿಕೊಳ್ಳಿ. ಅವರು ಕಲಿತದ್ದು ಹ್ಯಾಲೋಥೇನ್, ಥಯೋಪೆಂಟೋನ್‌ಗಳ ಪಾಠ. ರೋಗಿಯ ತುಟಿ ನೀಲಿಯಾಯಿತೇ ಎಂದು ಕಣ್ಣಿನಿಂದ ನೋಡುವುದು, ನಾಡಿಯ ಮೇಲೆ ಬೆರಳಿಡುವುದು, ಗಾಳಿಚೀಲವನ್ನು ಒತ್ತುತ್ತ ಶ್ವಾಸಕೋಶದ ಗತಿಯನ್ನು ಅಂಗೈಯಿಂದಲೇ ಅರಿಯುವುದು. ಇಂದು ಎಲ್ಲೆಲ್ಲಿಯೂ ಬಳಕೆಯಲ್ಲಿರುವ ಹಾಲಿನ ಬಣ್ಣದ ಪ್ರೊಪೊಫಾಲ್ ಮಾರುಕಟ್ಟೆಗೆ ಬಂದದ್ದು 1986ರಲ್ಲಿ. ಜಪಾನಿನ ತಕುವೊ ಅಯೊಯಾಗಿಯವರ 1974ರ ಶೋಧದಿಂದ ಹುಟ್ಟಿದ, ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ನಮ್ಮ ಸಾಮಾನ್ಯ ಥಿಯೇಟರುಗಳನ್ನು ತಲಪುವುದಕ್ಕೆ ವರ್ಷಗಳೇ ಹಿಡಿದವು. ಆರ್ಚಿ ಬ್ರೈನ್ ಎಂಬ ಇಂಗ್ಲಿಷ್ ವೈದ್ಯರು 1981ರಲ್ಲಿ ಪ್ರಯೋಗಿಸಿದ ಗಂಟಲ ಮುಖವಾಡ, ಗಂಟಲೊಳಗನ್ನು ಪರದೆಯ ಮೇಲೆ ತೋರಿಸುವ ವಿಡಿಯೋ ಲಾರಿಂಗೋಸ್ಕೋಪ್, ಸ್ನಾಯುಗಳನ್ನು ಸಡಿಲಿಸಿದ ಔಷಧವನ್ನು ನಿಮಿಷಗಳೊಳಗೆ ನಿಷ್ಫಲಗೊಳಿಸುವ ಸುಗಮ್ಮಡೆಕ್ಸ್, ಅಲ್ಟ್ರಾಸೌಂಡಿನಲ್ಲಿ ನರವನ್ನು ಕಂಡು ಅದರ ಸುತ್ತ ಮಾತ್ರ ಔಷಧವನ್ನು ಹರಿಸುವ ವಿದ್ಯೆ, ಇವೊಂದೂ ಅವರ ಪಠ್ಯದಲ್ಲಿ ಇದ್ದಿರಲಾರದು. ಬೆನ್ನಿನ ಸ್ನಾಯುವಿನ ಅಡಿಯ ಪದರಕ್ಕೆ ಮರವಿನ ಔಷಧ ಕೊಟ್ಟು ಎದೆಯ ನೋವನ್ನು ತಣಿಸುವ ಒಂದು ವಿಧಾನವಂತೂ ಮೊತ್ತಮೊದಲಿಗೆ ವರದಿಯಾದದ್ದು 2016ರಲ್ಲಿ. ಕೆಲವೇ ವರ್ಷಗಳಲ್ಲಿ ಅದು ಜಗತ್ತನ್ನೆಲ್ಲ ಸುತ್ತಿತು. ಕಾಲೇಜಿನಲ್ಲಿ ಕಲಿತದ್ದರಿಂದಲೇ ಜೀವಮಾನವನ್ನು ಸಾಗಿಸುತ್ತೇನೆಂಬುದು ಈ ವೃತ್ತಿಯಲ್ಲಿ ಸಾಧ್ಯವೇ ಇಲ್ಲದ ಮಾತು.

ಹೊಸದೆಲ್ಲವೂ ಸತ್ಯವೆಂದಾಗಲಿ, ಸಂಶೋಧನೆಯೆಂಬ ಹೆಸರು ಹೊತ್ತದ್ದೆಲ್ಲವೂ ಪ್ರಮಾಣವೆಂದಾಗಲಿ ತಿಳಿಯಕೂಡದೆಂಬುದಕ್ಕೆ ನಮ್ಮ ದಕ್ಖನ್ನಿನಲ್ಲಿಯೇ ಒಂದು ಪುರಾತನ ನಿದರ್ಶನವಿದೆ. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ಈಥರ್ ಪ್ರದರ್ಶನಗೊಂಡು, ಹಡಗು ಮಾರ್ಗದಲ್ಲಿ ಸುದ್ದಿ ಬಂದು, 1847ರ ಮಾರ್ಚ್ ತಿಂಗಳಲ್ಲೇ ಕಲಕತ್ತೆಯಲ್ಲಿ ಅದು ಬಳಕೆಯಾಯಿತು. ಅದೇ ವರ್ಷದ ನವೆಂಬರಿನಲ್ಲಿ ಎಡಿನ್‌ಬರೋದ ಸಿಮ್ಸನ್ ಅವರು ಕ್ಲೋರೋಫಾರ್ಮನ್ನು ಬಳಕೆಗೆ ತಂದರು. ಸಣ್ಣ ಆಪರೇಶನ್ನಿಗೆಂದು ಕ್ಲೋರೋಫಾರ್ಮ್ ಮೂಸಿದ ಗಟ್ಟಿಮುಟ್ಟಾದ ಜನರೂ ಒಮ್ಮೊಮ್ಮೆ ಹಠಾತ್ತಾಗಿ ಸತ್ತುಹೋಗುತ್ತಿದ್ದರು. ಕೆಡುವುದು ಹೃದಯವೋ ಉಸಿರೋ ಎಂಬ ವಾದವು ದಶಕಗಳ ಕಾಲ ನಡೆಯಿತು. ಹೈದರಾಬಾದಿನ ವೈದ್ಯಶಾಲೆಯ ಎಡ್ವರ್ಡ್ ಲಾರಿ ಎಂಬವರು, ಉಸಿರನ್ನು ಸರಿಯಾಗಿ ಗಮನಿಸಿದರೆ ಹೃದಯಕ್ಕೆ ಭಯವಿಲ್ಲವೆಂದು ದೃಢವಾಗಿ ನಂಬಿದ್ದರು. ನಿಜಾಮರ ಧನಸಹಾಯದಿಂದ 1888ರಲ್ಲಿಯೂ 1889ರಲ್ಲಿಯೂ ಎರಡು ಆಯೋಗಗಳು ಕುಳಿತು, ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಲಾರಿಯವರ ಮಾತೇ ಸರಿಯೆಂದು ತೀರ್ಪಿತ್ತವು. ಎರಡನೆಯದಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಎಂಬ ಪಂಡಿತರೂ ಬಂದಿದ್ದರು.

ಆದರೆ ತೀರ್ಪು ತಪ್ಪಾಗಿತ್ತು. ಸ್ವಲ್ಪವೇ ಕ್ಲೋರೋಫಾರ್ಮ್ ಹೋದ ಸ್ಥಿತಿಯಲ್ಲಿ ಹೃದಯವು ಬಡಿತದ ಕ್ರಮ ತಪ್ಪಿ, ಸುಮ್ಮನೆ ನಡುಗಿ ನಿಂತುಬಿಡಬಹುದೆಂಬುದನ್ನು 1911ರಲ್ಲಿ ಲಂಡನ್ನಿನ ಗುಡ್‌ಮನ್ ಲೆವಿ ಬೆಕ್ಕುಗಳ ಮೇಲಿನ ಪ್ರಯೋಗಗಳಿಂದ ತೋರಿಸಿಕೊಟ್ಟರು. ರಾಜಾಶ್ರಯ, ಹಣ, ಪರಿಶ್ರಮ, ಪ್ರಸಿದ್ಧರ ಸಹಿ ಇವೆಲ್ಲವೂ ಇದ್ದರೂ, ಹೈದರಾಬಾದಿನ ನಿರ್ಣಯವು ಇಪ್ಪತ್ತೆರಡು ವರ್ಷಗಳಲ್ಲಿ ಬಿದ್ದುಹೋಯಿತು. ಅದನ್ನು ನಂಬಿ ನಡುವಣ ವರ್ಷಗಳಲ್ಲಿ ಹೃದಯವನ್ನು ಕಡೆಗಣಿಸಿದವರೂ ಇದ್ದಿರಬೇಕು. ಅರಿವಳಿಕೆ ವೈದ್ಯರಿಗೆ ನಡೆಸುವ ತರಗತಿಗಳಲ್ಲಿ ಈ ಕಥೆಯನ್ನು ಮೊದಲ ಪಾಠವಾಗಿ ಇಡಬೇಕೆಂದು ನನ್ನ ಅಭಿಮತ.

ನಮ್ಮೂರಿನ ಪ್ರತಿಯೊಂದು ಮನೆಗೂ ಸಂಬಂಧಿಸಿದ ವಿಷಯವೊಂದಕ್ಕೆ ಬರೋಣ: ಉಪವಾಸ. "ರಾತ್ರಿ ಹನ್ನೆರಡರ ನಂತರ ಒಂದು ತೊಟ್ಟು ನೀರು ಕೂಡ ಕುಡೀಬಾರ್ದು" ಎಂಬ ಆಜ್ಞೆಯನ್ನು ಕೇಳದ ರೋಗಿಯಿಲ್ಲ. ಹೊಟ್ಟೆಯಲ್ಲಿರುವುದು ಪ್ರಜ್ಞಾಹೀನ ಸ್ಥಿತಿಯಲ್ಲಿ ಮೇಲಕ್ಕೆ ಬಂದು ಶ್ವಾಸಕೋಶವನ್ನು ಹೊಕ್ಕರೆ ಪ್ರಾಣಾಂತಿಕವಾದೀತೆಂಬುದು ನಿಜ. ನ್ಯೂಯಾರ್ಕಿನ ಕರ್ಟಿಸ್ ಮೆಂಡೆಲ್ಸನ್ 1946ರಲ್ಲಿ ಹೆರಿಗೆಯ ಪ್ರಕರಣಗಳನ್ನು ಪರಿಶೀಲಿಸಿ ಬರೆದ ಲೇಖನದಿಂದ ಈ ಭಯವು ಜಗತ್ತಿನ ವೈದ್ಯರ ಮನಸ್ಸಿನಲ್ಲಿ ನೆಲೆಯೂರಿತು. ಗಟ್ಟಿ ಆಹಾರಕ್ಕೂ ನೀರಿಗೂ ಭೇದವನ್ನೆಣಿಸದೆ ಎರಡನ್ನೂ ಒಟ್ಟಿಗೆ ನಿಷೇಧಿಸುವುದು ವಾಡಿಕೆಯಾಯಿತು. 1986ರಲ್ಲಿ ಕೆನಡಾದ ಮಾಲ್ಟ್‌ಬಿಯವರೂ ಸಹೋದ್ಯೋಗಿಗಳೂ ಆಪರೇಶನ್ನಿಗೆ ಎರಡು ಮೂರು ತಾಸು ಮೊದಲು ಕೆಲವರಿಗೆ 150 ಮಿಲಿಲೀಟರ್ ನೀರನ್ನು ಕುಡಿಸಿ ನೋಡಿದಾಗ, ಅಂಥವರ ಜಠರದಲ್ಲಿ ಉಳಿದ ದ್ರವವು ಉಪವಾಸವಿದ್ದವರದ್ದಕ್ಕಿಂತ ಹೆಚ್ಚಾಗಿರಲಿಲ್ಲ. ಮುಂದಿನ ಅಧ್ಯಯನಗಳೂ ಇದನ್ನೇ ಹೇಳಿದವು. 1999ರಲ್ಲಿ ಅಮೆರಿಕದ ಅರಿವಳಿಕೆ ವೈದ್ಯರ ಸಂಘವು, ಆರೋಗ್ಯವಂತರಾದ ರೋಗಿಗಳು ತಿಳಿಯಾದ ಪಾನೀಯವನ್ನು ಎರಡು ತಾಸು ಮೊದಲಿನವರೆಗೂ, ಲಘು ಆಹಾರವನ್ನು ಆರು ತಾಸು ಮೊದಲಿನವರೆಗೂ ಸೇವಿಸಬಹುದೆಂದು ಸೂತ್ರ ಬರೆಯಿತು. ಮಕ್ಕಳಿಗೆ ತಿಳಿಪಾನೀಯದ ಅವಧಿಯನ್ನು ಒಂದೇ ತಾಸಿಗೆ ಇಳಿಸಬಹುದೆಂದು ಯುರೋಪಿನ ಸಂಘವು 2022ರಲ್ಲಿ ಹೇಳಿತು.

ತಿಳಿಪಾನೀಯವೆಂದರೆ ನೀರು, ಹಾಲು ಹಾಕದ ಕಣ್ಣ ಚಾ, ತಿರುಳಿಲ್ಲದ ಹಣ್ಣಿನ ರಸ. ಗಂಜಿಯಾಗಲಿ, ಹಾಲು ಬೆರೆತ ಚಹಾವಾಗಲಿ ಈ ಗಣನೆಗೆ ಸೇರದು. ಅವು ಆಹಾರದ ಸಾಲಿನವು. ಮಾರ್ಚ್ ಏಪ್ರಿಲಿನ ಕರಾವಳಿಯ ಸೆಕೆಯಲ್ಲಿ, ಬೆಳಗಿನ ಪಟ್ಟಿಯಲ್ಲಿ ಕೊನೆಯ ಹೆಸರಾಗಿ ಮಧ್ಯಾಹ್ನ ಎರಡು ಗಂಟೆಯವರೆಗೂ ಕಾದು ಕುಳಿತ ಸಕ್ಕರೆ ಕಾಯಿಲೆಯ ಮುದುಕರೊಬ್ಬರು ಹದಿನಾಲ್ಕು ತಾಸು ನೀರಿಲ್ಲದೆ ಒಣಗಿ, ಥಿಯೇಟರಿನ ಮೇಜಿನ ಮೇಲೆ ರಕ್ತದೊತ್ತಡ ಕುಸಿದು ಬೀಳುವುದೆಂದರೆ ಅದು ವಿಜ್ಞಾನದ ಅಭಾವದಿಂದಾದ ಕಷ್ಟವಲ್ಲ. ವಿಜ್ಞಾನವು ಕಾಲು ಶತಮಾನದ ಹಿಂದೆಯೇ ಬರೆದಿಟ್ಟದ್ದು ವಾರ್ಡಿನ ಚೀಟಿಗೆ ಇಳಿಯದೆ ಹೋದದ್ದರಿಂದಾದ ಕಷ್ಟ. ಅರಿವಳಿಕೆ ವೈದ್ಯರು ಸಮ್ಮೇಳನಕ್ಕೆ ಹೋಗಿ ಇದನ್ನು ಕೇಳಿ ಬಂದಿರುತ್ತಾರೆ. ಆದರೆ ಚೀಟಿ ಬರೆಯುವವರು ಕಿರಿಯ ವೈದ್ಯರು, ಓದಿ ಹೇಳುವವರು ದಾದಿಯರು, ಪಾಲಿಸುವವರು ಮನೆಯವರು. ಹಾಗಿರಲು ಪಾಠವು ಒಬ್ಬರಿಗೇ ಆದರೆ ಸಾಲದು.

ಮತ್ತೊಂದು ನಿತ್ಯದ ಪ್ರಸಂಗ: ಎಪ್ಪತ್ತೈದು ದಾಟಿದ ಅಜ್ಜಿ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದು. ಪೂರ್ತಿ ಮತ್ತು ಕೊಡಬೇಕೋ, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗಷ್ಟೇ ಮರವು ಬರಿಸಬೇಕೋ ಎಂಬ ವಿಚಾರದಲ್ಲಿ ವೈದ್ಯರಿಗೂ ಮನೆಯವರಿಗೂ ಬಲವಾದ ಅಭಿಪ್ರಾಯಗಳಿರುತ್ತವೆ. "ಬೆನ್ನಿಗೆ ಬೇಡ ಡಾಕ್ಟ್ರೇ, ಮತ್ತೆ ಜನ್ಮವಿಡೀ ಬೆನ್ನುನೋವು ಬರ್ತದಂತೆ" ಎಂದು ಸೊಸೆ ಬೇಡುತ್ತಾಳೆ. ಪೂರ್ತಿ ಮತ್ತು ಕೊಟ್ಟರೆ ಮುದುಕರಿಗೆ ಅರಳುಮರಳಾಗುತ್ತದೆಂದು ಮಗ ಹೆದರುತ್ತಾನೆ. ಬೆನ್ನಿನದೇ ಮೇಲೆಂದು ವೈದ್ಯಲೋಕವೂ ಬಹುಕಾಲ ಒಲವು ತೋರಿತ್ತು. 2021ರಲ್ಲಿ ಅಮೆರಿಕ, ಕೆನಡಾಗಳ 46 ಆಸ್ಪತ್ರೆಗಳಲ್ಲಿ 1600 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಂಗಡವಾಗಿ ವಿಭಾಗಿಸಿ ನಡೆಸಿದ ಪರೀಕ್ಷೆಯ ಫಲ ಪ್ರಕಟವಾಯಿತು: 60 ದಿನಗಳ ನಂತರ ಮರಣದಲ್ಲಾಗಲಿ ನಡೆಯುವ ಶಕ್ತಿಯಲ್ಲಾಗಲಿ ಹೇಳಿಕೊಳ್ಳುವಂತಹ ಅಂತರವಿರಲಿಲ್ಲ, ಬುದ್ಧಿಭ್ರಮಣೆಯೂ ಎರಡರಲ್ಲಿ ಹೆಚ್ಚುಕಡಮೆ ಸಮನಾಗಿತ್ತು. ಎಂದಮೇಲೆ ಆ ಅಜ್ಜಿಯ ಹೃದಯ, ಶ್ವಾಸಕೋಶ, ಅವರು ನುಂಗುತ್ತಿರುವ ರಕ್ತ ತೆಳುವಾಗಿಸುವ ಮಾತ್ರೆ, ಅವರ ಇಚ್ಛೆ ಇವನ್ನು ನೋಡಿ ನಿರ್ಧರಿಸುವುದೇ ಉಚಿತ. ಇಂತಹ ಸಂಶೋಧನೆಯು ಹೊಸ ಔಷಧವನ್ನೇನೂ ಕೊಡಲಿಲ್ಲ, ಹೊಸ ಯಂತ್ರವನ್ನೂ ಕೊಡಲಿಲ್ಲ; ಹಠವೊಂದನ್ನು ಕಳೆಯಿತು.

ಎಳೆಯ ಮಕ್ಕಳ ತಂದೆತಾಯಿಗಳ ಭಯ ಇದಕ್ಕಿಂತ ದೊಡ್ಡದು. ಮತ್ತಿನ ಔಷಧವು ಬೆಳೆಯುವ ಮಿದುಳಿಗೆ ಹಾನಿ ಮಾಡೀತೆಂದು ಪ್ರಾಣಿಗಳ ಪ್ರಯೋಗಗಳು ಸೂಚಿಸಿದ್ದವು. ಮೂರು ವರ್ಷದೊಳಗಿನ ಮಕ್ಕಳಿಗೆ ದೀರ್ಘಕಾಲದ ಅಥವಾ ಪದೇ ಪದೇ ಕೊಡುವ ಅರಿವಳಿಕೆಯ ವಿಷಯದಲ್ಲಿ ಅಮೆರಿಕದ ಔಷಧ ನಿಯಂತ್ರಕರು 2016ರ ಡಿಸೆಂಬರಿನಲ್ಲಿ ಎಚ್ಚರಿಕೆ ಹೊರಡಿಸಿದರು. ಹರ್ನಿಯಾಕ್ಕೆ ಶಸ್ತ್ರಚಿಕಿತ್ಸೆಯಾದ 722 ಶಿಶುಗಳನ್ನು ಏಳು ದೇಶಗಳಲ್ಲಿ ಐದು ವರ್ಷ ಪ್ರಾಯದವರೆಗೆ ಹಿಂಬಾಲಿಸಿ ನೋಡಿದ ಅಧ್ಯಯನವು 2019ರಲ್ಲಿ ಹೇಳಿದ್ದು ಸಮಾಧಾನದ ಮಾತು: ಒಂದು ತಾಸಿಗಿಂತ ಕಡಮೆ ಕಾಲದ, ಒಂದೇ ಸಲದ ಅರಿವಳಿಕೆಯಿಂದ ಬುದ್ಧಿಶಕ್ತಿಗೆ ಕುಂದು ಕಾಣಲಿಲ್ಲ. ಈ ಎರಡನ್ನೂ ಓದಿಕೊಂಡ ವೈದ್ಯರು ತಾಯಿಗೆ ಹೇಳುವ ಮಾತಿಗೂ, ಒಂದನ್ನಷ್ಟೇ ಎಲ್ಲಿಯೋ ಕೇಳಿದವರು ಹೇಳುವ ಮಾತಿಗೂ ಎಷ್ಟು ವ್ಯತ್ಯಾಸವಿರಬಹುದೆಂಬುದನ್ನು ಓದುಗರೇ ಊಹಿಸಲಿ.

ಸಂಶೋಧನೆಯ ವೇಗವು ಎಂತಹದೆಂಬುದನ್ನು ತಿಳಿಯಲು, ಸಕ್ಕರೆ ಕಾಯಿಲೆಗೂ ತೂಕ ಇಳಿಸುವುದಕ್ಕೂ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್ ಮೊದಲಾದ ಔಷಧಗಳನ್ನು ನೋಡಬಹುದು. ಇವು ಜಠರವು ಬರಿದಾಗುವುದನ್ನು ನಿಧಾನಗೊಳಿಸುವುದರಿಂದ, ಉಪವಾಸವಿದ್ದವರ ಹೊಟ್ಟೆಯಲ್ಲಿಯೂ ಆಹಾರ ಉಳಿದಿರಬಹುದು. ಆಪರೇಶನ್ನಿಗೆ ಒಂದು ವಾರ ಮೊದಲು ನಿಲ್ಲಿಸಿರೆಂದು 2023ರ ಜೂನಿನಲ್ಲಿ ಅಮೆರಿಕದ ಸಂಘವು ಸೂಚಿಸಿತು; 2024ರ ಅಕ್ಟೋಬರಿನಲ್ಲಿ ಹಲವು ಸಂಘಗಳು ಕೂಡಿ, ಬಹುತೇಕ ರೋಗಿಗಳು ನಿಲ್ಲಿಸಬೇಕಾಗಿಲ್ಲ, ಒಬ್ಬೊಬ್ಬರ ಅಪಾಯವನ್ನು ತೂಗಿ ನೋಡಿರಿ, ಬೇಕಾದವರಿಗೆ ಹಿಂದಿನ ದಿನ ದ್ರವಾಹಾರವನ್ನಷ್ಟೇ ಕೊಡಿರಿ ಎಂದು ಮಾತನ್ನು ತಿದ್ದಿದವು. ಒಂದೂವರೆ ವರ್ಷದೊಳಗೆ ಉಪದೇಶವು ಬದಲಾಯಿತು. ಮನೆಗೊಬ್ಬರಂತೆ ದುಬೈ, ದೋಹಾಗಳಲ್ಲಿ ದುಡಿಯುವವರಿರುವ ನಮ್ಮ ಸೀಮೆಯಲ್ಲಿ, ಈ ಪೆನ್ನಿನಾಕಾರದ ಇಂಜೆಕ್ಷನ್ನುಗಳು ಊರ ವೈದ್ಯರ ಚೀಟಿಯಿಲ್ಲದೆಯೂ ಮನೆಯ ಫ್ರಿಜ್ಜನ್ನು ಸೇರಬಹುದು. ಅವನ್ನು ಚುಚ್ಚಿಕೊಳ್ಳುತ್ತಿದ್ದೀರಾ ಎಂದು, ಕೇಳಬೇಕೆಂಬುದನ್ನು ತಿಳಿದ ವೈದ್ಯರು ಮಾತ್ರವೇ ಕೇಳಿಯಾರು.

ಇನ್ನು ಸುಳ್ಳಿನ ಮಾತು. ಹೇಳಲು ಸಂಕೋಚವಾದರೂ, ಕಟ್ಟುಕಥೆಯ ಸಂಶೋಧನೆಗಳಿಂದ ಬಹಳ ನೊಂದ ಶಾಖೆಗಳಲ್ಲಿ ಅರಿವಳಿಕೆಯೂ ಒಂದು. ಜಪಾನಿನ ಯೊಶಿತಾಕ ಫುಜಿಯವರು ಆಪರೇಶನ್ ಬಳಿಕದ ವಾಂತಿಯನ್ನು ತಡೆಯುವ ಔಷಧಗಳೇ ಮೊದಲಾದ ವಿಷಯಗಳ ಬಗೆಗೆ ಪ್ರಕಟಿಸಿದ ಲೇಖನಗಳಲ್ಲಿ 172ರಲ್ಲಿ ಕೃತ್ರಿಮವಾದ ದತ್ತಾಂಶಗಳಿವೆಯೆಂದು 2012ರಲ್ಲಿ ಆ ದೇಶದ ಅರಿವಳಿಕೆ ಸಂಘದ ವಿಚಾರಣೆಯು ನಿರ್ಣಯಿಸಿತು. ಅದೇ ವರ್ಷ ಇಂಗ್ಲೆಂಡಿನ ಜಾನ್ ಕಾರ್ಲೈಲ್ ಎಂಬ ಅರಿವಳಿಕೆ ವೈದ್ಯರು ಫುಜಿಯವರ 168 ಪ್ರಯೋಗಗಳ ಅಂಕಿಗಳನ್ನು ಮುಂದಿಟ್ಟುಕೊಂಡು, ಪ್ರಕೃತಿಯಲ್ಲಿ ಅಂಕಿಗಳು ಇಷ್ಟು ಅಚ್ಚುಕಟ್ಟಾಗಿ ಬೀಳುವುದು ಸಂಭವವೇ ಇಲ್ಲವೆಂದು ಗಣಿತದಿಂದಲೇ ತೋರಿಸಿದ್ದರು. ವಂಚನೆಯಿಲ್ಲದಿದ್ದರೂ ಭ್ರಮೆ ಇರಬಹುದು. ಆಪರೇಶನ್ ವೇಳೆಗೆ ಹೃದಯವನ್ನು ರಕ್ಷಿಸುತ್ತದೆಂದು ಬೀಟಾ ಬ್ಲಾಕರ್ ಮಾತ್ರೆಯನ್ನು ಉದಾರವಾಗಿ ಕೊಡುತ್ತಿದ್ದ ಕಾಲವೊಂದಿತ್ತು. 2008ರಲ್ಲಿ 23 ದೇಶಗಳ 8351 ರೋಗಿಗಳ ಪರೀಕ್ಷೆಯಲ್ಲಿ, ಆಪರೇಶನ್ನಿನ ದಿನ ಅದನ್ನು ಆರಂಭಿಸಿದವರಲ್ಲಿ ಹೃದಯಾಘಾತವು ಕಡಮೆಯಾದರೂ ಪಾರ್ಶ್ವವಾಯುವೂ ಒಟ್ಟು ಮರಣವೂ ಹೆಚ್ಚಾದವೆಂದು ಕಂಡಿತು. ಹಿಂದಿನಿಂದ ನುಂಗುತ್ತ ಬಂದವರು ಬಿಡಬೇಕೆಂದಲ್ಲ ಇದರ ಅರ್ಥ. ಅವಸರದಲ್ಲಿ ಹೊಸದಾಗಿ ಆರಂಭಿಸಬಾರದೆಂದು. ಆದುದರಿಂದ ಪದವೀಧರ ವೈದ್ಯರಿಗೆ ಸಲ್ಲಬೇಕಾದ ಶಿಕ್ಷಣವೆಂದರೆ ಹೊಸ ವಾರ್ತೆಗಳ ವಾಚನ ಮಾತ್ರವಲ್ಲ, ಯಾವ ಲೇಖನವನ್ನು ಎಷ್ಟು ನಂಬಬಹುದು ಎಂಬ ವಿವೇಚನೆಯ ಅಭ್ಯಾಸ.

ಈ ಶಿಕ್ಷಣವು ನಮ್ಮಲ್ಲಿ ನಡೆಯುವ ರೀತಿಯನ್ನು ಸ್ವಲ್ಪ ನೋಡೋಣ. ಭಾರತೀಯ ಅರಿವಳಿಕೆ ವೈದ್ಯರ ಸಂಘವು 1947ರಲ್ಲಿ ಹುಟ್ಟಿ, 1953ರಿಂದ ತನ್ನದೇ ಪತ್ರಿಕೆಯನ್ನು ನಡೆಸಿಕೊಂಡು ಬಂದಿದೆ. ರಾಜ್ಯಶಾಖೆಗಳೂ ನಗರಶಾಖೆಗಳೂ ಇವೆ. ಮಂಗಳೂರಿನಂತಹ ಊರಲ್ಲಿ ದಿನದ ಕೆಲಸ ಮುಗಿಸಿ ಸಂಜೆ ಸೇರಿ, ಕಷ್ಟವಾದ ಒಂದು ಕೇಸನ್ನು ಮುಂದಿಟ್ಟು ಚರ್ಚಿಸುವುದು ಹಳೆಯ ಪದ್ಧತಿ. ಕೈಗೆ ಕೆಲಸ ಕೊಡುವ ಕಾರ್ಯಾಗಾರಗಳು ಇದಕ್ಕಿಂತ ಮೇಲು. ಅಂತಹ ಒಂದು ಕಾರ್ಯಾಗಾರದ ಮೇಜಿನ ಮೇಲೆ, ಕಸಾಯಿಖಾನೆಯಿಂದ ತಂದು ತೊಳೆದಿಟ್ಟ ಆಡಿನ ಶ್ವಾಸನಾಳವಿರುತ್ತದೆ. ಉಸಿರಾಟದ ಕೊಳವೆಯೂ ಇಳಿಯದೆ, ಮುಖವಾಡದಿಂದಲೂ ಗಾಳಿ ಹೋಗದೆ ರೋಗಿ ನೀಲಿಗಟ್ಟುವ ಆ ಅಪರೂಪದ ಭಯಂಕರ ಗಳಿಗೆಯಲ್ಲಿ, ಕುತ್ತಿಗೆಯ ಮುಂಭಾಗದ ಪೊರೆಯನ್ನು ಬೆರಳಿನಿಂದ ಗುರುತಿಸಿ, ಕೊಯ್ದು, ಬೂಜಿಯೆಂಬ ಬಳುಕುವ ಕಡ್ಡಿಯನ್ನು ತೂರಿಸಿ, ಅದರ ಮೇಲಿನಿಂದ ಕೊಳವೆಯನ್ನು ಇಳಿಸುವ ಕ್ರಮವನ್ನು ಆ ಶ್ವಾಸನಾಳದ ಮೇಲೆ ಅಭ್ಯಾಸ ಮಾಡಿಸುತ್ತಾರೆ. ಬಹುಮಂದಿ ವೈದ್ಯರು ಜೀವಮಾನದಲ್ಲಿ ಒಮ್ಮೆಯೂ ಮಾಡಬೇಕಾಗಿ ಬರದ ಕೆಲಸವಿದು. ಒಮ್ಮೆ ಬಂದಾಗ ಕಲಿಯುವುದಕ್ಕೆ ಸಮಯವಿರುವುದಿಲ್ಲ.

ಇಂತಹ ಗಳಿಗೆಗೆಂದೇ ಭಾರತದ ಕಠಿಣ ಶ್ವಾಸಮಾರ್ಗದ ವೈದ್ಯರ ಸಂಘವು 2016ರ ಡಿಸೆಂಬರಿನಲ್ಲಿ ಐದು ಮಾರ್ಗಸೂಚಿಗಳನ್ನು ಪ್ರಕಟಿಸಿತು: ವಯಸ್ಕರಿಗೆ, ಗರ್ಭಿಣಿಯರಿಗೆ, ಮಕ್ಕಳಿಗೆ, ತೀವ್ರನಿಗಾ ಘಟಕದವರಿಗೆ, ಕೊಳವೆಯನ್ನು ತೆಗೆಯುವ ಹೊತ್ತಿಗೆ. ಆದರೆ ಸೂತ್ರವನ್ನು ತಿಳಿದಿರುವುದೇ ಬೇರೆ, ಸಮಯಕ್ಕೆ ಅದು ಒದಗುವುದೇ ಬೇರೆ. 2005ರ ಮಾರ್ಚಿನಲ್ಲಿ ಇಂಗ್ಲೆಂಡಿನ ಎಲೇನ್ ಬ್ರಾಮ್ಲಿ ಎಂಬ 37 ವರ್ಷದ ಮಹಿಳೆ ಸೈನಸ್ಸಿನ ಸಾಮಾನ್ಯ ಆಪರೇಶನ್ನಿಗೆ ಹೋದವರು, ಅರಿವಳಿಕೆ ಕೊಟ್ಟ ಬಳಿಕ ಶ್ವಾಸಮಾರ್ಗ ಸಿಗದೆ ಹದಿಮೂರು ದಿನಗಳ ಮೇಲೆ ತೀರಿಕೊಂಡರು. ಅನುಭವಸ್ಥರಾದ ವೈದ್ಯರೇ ಅಲ್ಲಿದ್ದರು. ಕೊಳವೆಯನ್ನು ಇಳಿಸುವ ಪ್ರಯತ್ನದಲ್ಲಿಯೇ ಮಗ್ನರಾಗಿ ಹೊತ್ತು ಹೋದದ್ದು ಅವರಿಗೆ ತಿಳಿಯಲಿಲ್ಲ. ದಾದಿಯೊಬ್ಬರು ಕುತ್ತಿಗೆ ಕೊಯ್ಯುವ ಸಾಮಗ್ರಿಯನ್ನು ತಂದು, ಸಿದ್ಧವಿದೆಯೆಂದು ಹೇಳಿದರೂ ಯಾರೂ ಕಿವಿಗೊಡಲಿಲ್ಲ. ವಿಮಾನ ಚಾಲಕರಾಗಿದ್ದ ಅವರ ಪತಿ ಮಾರ್ಟಿನ್ ಬ್ರಾಮ್ಲಿ, ಶಿಕ್ಷೆ ಕೊಡಿಸುವುದರ ಬದಲಾಗಿ ಇದರಿಂದ ಕಲಿಯಿರೆಂದು ವೈದ್ಯಲೋಕವನ್ನು ಬೇಡಿಕೊಂಡು, 2007ರಲ್ಲಿ ಅದಕ್ಕಾಗಿಯೇ ಒಂದು ಸಂಸ್ಥೆಯನ್ನು ಕಟ್ಟಿದರು. ಥಿಯೇಟರಿನಲ್ಲಿ ಕಿರಿಯವರು ಹಿರಿಯವರಿಗೆ ಗಟ್ಟಿಯಾಗಿ ಹೇಳಬಲ್ಲರೇ ಎಂಬುದು ಇಂದು ಅರಿವಳಿಕೆ ಶಿಕ್ಷಣದ ಒಂದು ಅಧ್ಯಾಯವಾಗಿರುವುದಕ್ಕೆ ಈ ಮನುಷ್ಯನ ಋಣವೂ ಇದೆ. ಹಿರಿಯರ ಮಾತಿಗೆ ಎದುರಾಡಬಾರದೆಂದು ಬೆಳೆಸಲ್ಪಟ್ಟ ನಮ್ಮ ದಾದಿಯರಿಗೂ ಕಿರಿಯ ವೈದ್ಯರಿಗೂ ಈ ಪಾಠ ಇನ್ನಷ್ಟು ಅಗತ್ಯ.

ನಡೆಯುತ್ತಿರುವುದೆಲ್ಲವೂ ಸರಿಯಾಗಿದೆಯೆಂದು ನಾನು ಹೇಳಲಾರೆ. ತಾಸುಗಳ ಲೆಕ್ಕಕ್ಕಾಗಿಯೇ ಸಮ್ಮೇಳನಕ್ಕೆ ಹೆಸರು ಕೊಟ್ಟು, ಸಹಿ ಹಾಕಿ, ಊಟ ಮುಗಿಸಿ ಹೊರಡುವವರು ಎಲ್ಲ ವೃತ್ತಿಗಳಲ್ಲಿಯೂ ಇರುವಂತೆ ಇಲ್ಲಿಯೂ ಇದ್ದಾರೆ. ಔಷಧ ಕಂಪೆನಿಗಳಿಂದ ಪ್ರಯಾಣ, ವಸತಿ, ಉಡುಗೊರೆಗಳನ್ನು ವೈದ್ಯರು ಪಡೆಯಬಾರದೆಂದು ಭಾರತೀಯ ವೈದ್ಯಕೀಯ ಪರಿಷತ್ತು 2009ರಲ್ಲಿಯೂ, ಕಂಪೆನಿಗಳು ಅವನ್ನು ಕೊಡಬಾರದೆಂದು ಕೇಂದ್ರ ಸರಕಾರ 2024ರಲ್ಲಿಯೂ ವಿಧಿಸಿದ್ದರೂ, ದೊಡ್ಡ ಸಮ್ಮೇಳನಗಳ ಅಂಗಳದಲ್ಲಿ ಕಂಪೆನಿಗಳ ಮಳಿಗೆಗಳು ಕಾಣದಿರುವುದಿಲ್ಲ. ಹೊಸ ಯಂತ್ರವನ್ನು ಹೊಗಳುವ ಉಪನ್ಯಾಸಕ್ಕೆ ತುಂಬುವ ಸಭೆಯು, ಉಪವಾಸದ ಚೀಟಿಯನ್ನು ತಿದ್ದುವ ಉಪನ್ಯಾಸಕ್ಕೆ ತುಂಬುವುದು ಕಷ್ಟ. ಇದಕ್ಕಿಂತಲೂ ದೊಡ್ಡ ಕೊರತೆಯೆಂದರೆ, ಶಿಕ್ಷಣವು ಯಾರಿಗೆ ಅತ್ಯಂತ ಅವಶ್ಯವೋ ಅವರಿಗೇ ಅದು ದುರ್ಲಭವಾಗಿರುವುದು. ಕಾಲೇಜಿನ ಪ್ರಾಧ್ಯಾಪಕರಿಗೆ ಗ್ರಂಥಾಲಯವಿದೆ, ಸಹೋದ್ಯೋಗಿಗಳಿದ್ದಾರೆ, ಅಭ್ಯಾಸಕ್ಕೆ ರೋಗಿಯನ್ನು ಹೋಲುವ ಅಣಕುಗೊಂಬೆಗಳಿವೆ. ತಾಲೂಕು ಆಸ್ಪತ್ರೆಯಲ್ಲಿ ಒಬ್ಬರೇ ಇರುವವರೋ, ಬೆಳಗ್ಗೆ ಒಂದು ನರ್ಸಿಂಗ್ ಹೋಮು, ಮಧ್ಯಾಹ್ನ ಮತ್ತೊಂದು, ಅಪರಾತ್ರಿಯಲ್ಲಿ ಸಿಸೇರಿಯನ್ನಿಗೆ ಮೂರನೆಯದು ಎಂದು ಕರೆದಲ್ಲಿಗೆ ಕಾರೋಡಿಸುವವರೋ ಎರಡು ದಿನ ಊರು ಬಿಟ್ಟರೆ ಆ ಎರಡು ದಿನಗಳ ಹೆರಿಗೆಗಳ ಗತಿಯೇನು? ತಜ್ಞರ ಅಭಾವವನ್ನು ನೀಗಲು ಸಾಮಾನ್ಯ ಎಂಬಿಬಿಎಸ್ ವೈದ್ಯರಿಗೆ 18 ವಾರಗಳ ತರಬೇತಿಯಿಂದ ಸಿಸೇರಿಯನ್ನಿನ ಅರಿವಳಿಕೆಯನ್ನು ಕಲಿಸುವ ಯೋಜನೆಯನ್ನು ಸರಕಾರ ನಡೆಸಿದೆ. ಹದಿನೆಂಟು ವಾರ ಕಲಿತವರಿಗೆ ಮುಂದಿನ ಹದಿನೆಂಟು ವರ್ಷ ಯಾರು ಕಲಿಸಬೇಕೆಂಬುದು ಅಷ್ಟೇ ಗಹನವಾದ ಪ್ರಶ್ನೆ.

ಕೊರೋನಾದ ನಂತರ ಮೊಬೈಲಿನಲ್ಲಿಯೇ ಉಪನ್ಯಾಸ ಕೇಳುವ ಸೌಕರ್ಯ ಬಂದಿದೆ, ಒಳ್ಳೆಯದೇ. ಕೈಯ ವಿದ್ಯೆ ಮಾತ್ರ ಮೊಬೈಲಿನಲ್ಲಿ ಬಾರದು. ಕಾಲೇಜುಗಳು ತಮ್ಮ ಅಣಕುಗೊಂಬೆಯನ್ನು ವ್ಯಾನಿನಲ್ಲಿಟ್ಟುಕೊಂಡು ಗಡಿಯ ಈಚೆಗೂ ಬಂದು, ಸಣ್ಣ ಆಸ್ಪತ್ರೆಯ ಅದೇ ಥಿಯೇಟರಿನಲ್ಲಿ, ಅದೇ ದಾದಿಯರನ್ನೂ ಅದೇ ಅಟೆಂಡರನ್ನೂ ಸೇರಿಸಿಕೊಂಡು, ಆಮ್ಲಜನಕ ಇಳಿಯಿತೆಂದರೆ ಯಾರು ಏನು ಮಾಡಬೇಕೆಂಬುದನ್ನು ವರ್ಷಕ್ಕೆರಡು ಸಲ ಆಡಿಸಿ ತೋರಿಸುವುದು ದೊಡ್ಡ ಖರ್ಚಿನ ಕೆಲಸವೇನಲ್ಲ. ಆ ಅಭ್ಯಾಸವು ಅಲ್ಲಿನವರು ಗಾಬರಿಯಲ್ಲಿ ಆಡುವ ಭಾಷೆಯಲ್ಲಿಯೇ, ಎಂದರೆ ತುಳು, ಮಲಯಾಳ, ಬ್ಯಾರಿ, ಕನ್ನಡಗಳಲ್ಲಿಯೇ ನಡೆಯತಕ್ಕದ್ದು. ಉಪವಾಸದ ಚೀಟಿಯೂ ಒಪ್ಪಿಗೆಯ ಪತ್ರವೂ ಗಡಿಯ ಎರಡು ಕಡೆಗಳಲ್ಲಿಯೂ ರೋಗಿ ಓದಬಲ್ಲ ಲಿಪಿಯಲ್ಲಿರತಕ್ಕದ್ದು. ಕಾಸರಗೋಡಿನ ವೈದ್ಯರು ಮಂಗಳೂರಿನಲ್ಲಿ ಕೇಳಿದ ತಾಸುಗಳನ್ನು ಕೇರಳದ ಪರಿಷತ್ತೂ, ಅಲ್ಲಿನವರು ಇಲ್ಲಿ ಕೇಳಿದ್ದನ್ನು ಕರ್ನಾಟಕದ ಪರಿಷತ್ತೂ ತಕರಾರಿಲ್ಲದೆ ಮನ್ನಿಸುವಂತಾದರೆ ಗಡಿಯ ಎರಡು ಕಡೆಗಳ ನಡುವಣ ಹಾದಿ ಇನ್ನಷ್ಟು ಹತ್ತಿರವಾದೀತು.

ಆಸ್ಪತ್ರೆಗಳನ್ನು ನಡೆಸುವವರಲ್ಲಿ ಒಂದು ವಿಜ್ಞಾಪನೆ: ಅರಿವಳಿಕೆ ವೈದ್ಯರು ಕಲಿಯಲು ಹೋಗುವ ದಿನಗಳನ್ನು ರಜೆಯ ಖಾತೆಗೆ ಹಾಕಬೇಡಿ, ಕೆಲಸದ ಖಾತೆಗೇ ಹಾಕಿ, ಅವರ ಸ್ಥಾನಕ್ಕೆ ಆ ದಿನ ಮತ್ತೊಬ್ಬರನ್ನು ಕರೆಸುವ ವೆಚ್ಚವನ್ನು ಆಸ್ಪತ್ರೆಯೇ ವಹಿಸಿಕೊಳ್ಳಲಿ. ಓದುಗರಲ್ಲಿಯೂ ಒಂದು ಮಾತು: ಆಪರೇಶನ್ನಿಗೆ ಮುನ್ನ ಪರೀಕ್ಷಿಸಲು ಬರುವ ಅರಿವಳಿಕೆ ವೈದ್ಯರ ಮುಂದೆ, ನುಂಗುವ ಮಾತ್ರೆ, ಚುಚ್ಚಿಕೊಳ್ಳುವ ಇಂಜೆಕ್ಷನ್, ಕುಡಿಯುವ ಕಷಾಯ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿ, ನೀರನ್ನು ಎಷ್ಟು ಗಂಟೆಯವರೆಗೆ ಕುಡಿಯಬಹುದೆಂದು ನೀವೇ ಕೇಳಿ, ಮತ್ತು ತುರ್ತಿಲ್ಲದ ನಿಮ್ಮ ಆಪರೇಶನ್ ಅರಿವಳಿಕೆ ಕೊಡುವ ಡಾಕ್ಟರು ಕಾರ್ಯಾಗಾರಕ್ಕೆ ಹೋಗಿದ್ದಾರೆಂಬ ಕಾರಣದಿಂದ ಗುರುವಾರದ ಬದಲು ಶನಿವಾರಕ್ಕೆ ಮುಂದೆ ಹೋದರೆ, ಕೌಂಟರಿನಲ್ಲಿ ಜಗಳ ಮಾಡದೆ ಶನಿವಾರವೇ ಬನ್ನಿ.